ಮಂಗಳವಾರ ರಜೆ

ಮಂಗಳವಾರ ಕತ್ತರಿಗೆ ರಜೆ.
ಕೋಟೆ ರಸ್ತೆಯ ಅಂಗಡಿಯ ಷಟರ್ ಎತ್ತದೆ
ಅಪ್ಪನ ಹಡಪ ಕಂಕುಳಲ್ಲಿಟ್ಟು
ವಾಟೆ ಬಿದಿರಿನ ಕೋಲನ್ನು ಸೈಕಲ್ಲಿನ ಬಾರಿಗೆ ಕಟ್ಟಿ
ಹೊತ್ತು ಇಳಿಯುವಾಗ
ಹಳೇ ಸೇತುವೆಯ ಕೆಳಗೆ ನಾನೂ ಇಳಿಯುತ್ತೇನೆ.

ಹಡಪದಲ್ಲಿ ಈಗ ಕತ್ತಿ, ಸಾಣೆಕಲ್ಲು ಇಲ್ಲ.
ನೊಣಗಳಿವೆ.
ಗಿರಾಕಿ ಬಾರದ ಮಧ್ಯಾಹ್ನಗಳಲ್ಲಿ
ಗಾಳವನ್ನು ಚಿಮಟದಲ್ಲಿ ಹಿಡಿದು ನಾನೇ ಕಟ್ಟಿದವು.
ಹುಂಜದ ಕುತ್ತಿಗೆಯ ಗರಿ ಕೋಳಿ ಅಂಗಡಿ ಇಮ್ತಿಯಾಜನದು,
ಕೆಂಪು ದಾರ ಎದುರಿನ ಟೈಲರನದು,
ಕೂದಲು
ಊರಿನದು.

ಹೇಳಿದರೆ ಮುನಿಸಿಕೊಂಡಾರು:
ಬ್ಯಾಂಕಿನ ಕ್ಯಾಷಿಯರನ ಮೆಹಂದಿ ಮೀಸೆ
ಒಂದು ಜೇಡವಾಗಿದೆ.
ಕಾಲೇಜು ಹುಡುಗನ ಗುಂಗುರು ನೀರಲ್ಲಿ ನೆನೆದರೆ
ಥೇಟ್ ಗೊಬ್ಬರದ ಹುಳ.
ಮೊನ್ನೆ ಅದಕ್ಕೊಂದು ಜಿಲೇಬಿ ಮೀನು ಬಿತ್ತು, ಅಂಗೈಯಗಲ.
ಪರೀಕ್ಷೆಯಲ್ಲಿ ಅವನಿಗೇನಾಯಿತೋ ಗೊತ್ತಿಲ್ಲ.

ಗೆಂಡೆಯ ಮಾತೇ ಬೇರೆ.
ಗೆಂಡೆಯನ್ನು ಯಾರೂ ಮೆಚ್ಚುವುದಿಲ್ಲ.
ಮೂತಿ ನೋಡಿದರೆ ಹಲ್ಲುದುರಿದ ಮುದುಕ.
"ಕೆಸರು ವಾಸನೆ, ಬೆಕ್ಕೂ ಮೂಸದು" ಎನ್ನುತ್ತಾಳೆ
ಸಂತೆಯಲ್ಲಿ ಮೀನು ಮಾರುವ ಅಂಬಕ್ಕ.
ಬಲೆಗೆ ಬಿದ್ದರೆ ಬೈದು ದಡಕ್ಕೆ ಬಿಸಾಕುತ್ತಾರೆ.
ಅವು ಮಾತ್ರ ತಲೆ ಬಗ್ಗಿಸಿ
ಹೊಳೆಯ ತಳ ಗುಡಿಸುತ್ತಿರುತ್ತವೆ.

ಈ ಗೆಂಡೆಗಳಿಗೆ ಮಂಡಕ್ಕಿಯ ರುಚಿ ಹತ್ತಿಸಿದವರು
ಚಿದಂಬರ ಜೋಯಿಸರು, ರಿಟೈರಾದ ಹೆಡ್‌ಮಾಸ್ತರು.
ದಿನಾ ಸಂಜೆ ಸೇತುವೆ ಮೇಲೆ ನಿಂತು ಪೊಟ್ಟಣ ಬಿಚ್ಚಿ
ಹಾಜರಿ ಕರೆದ ಹಾಗೆ
ಒಂದೊಂದೇ ಚಿಟಿಕೆ ಉದುರಿಸುತ್ತಾರೆ.
ಕೆಳಗೆ ಇಡೀ ನೀರು ಬಾಯಿ ಬಿಡುತ್ತದೆ.

ತಿಂಗಳಿಗೊಮ್ಮೆ ನನ್ನ ಕುರ್ಚಿಗೆ ಬರುತ್ತಾರೆ.
ತಿಮ್ಮಪ್ಪ ಎನ್ನುತ್ತಾರೆ ನನ್ನನ್ನು. ಅದು ಅಪ್ಪನ ಹೆಸರು.
ಅವರ ಹಿತ್ತಿಲ ಹಲಸಿನ ಮರದಡಿ ಕೂತು
ಆ ತಲೆ ಕಪ್ಪಗಿದ್ದಾಗಿನಿಂದ ಬಲ್ಲವನು ಅಪ್ಪ.
ಕೆಲಸ ಮುಗಿದ ಮೇಲೆ ದುಡ್ಡು ಕೈಗೆ ಕೊಡುವುದಿಲ್ಲ,
ಕನ್ನಡಿಯ ಹಲಗೆ ಮೇಲಿಡುತ್ತಾರೆ.
ಆಮೇಲೆ ಮನೆಗೆ, ಹಿತ್ತಿಲ ಬಾಗಿಲಿಂದ,
ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ.
ಕೆಟ್ಟವರಲ್ಲ. ಅಭ್ಯಾಸ.
ನನ್ನ ಮಗಳ ಲೆಕ್ಕ ತಿದ್ದಿದ್ದೂ ಅವರೇ.

ಅವರ ಬಿಳಿಗೂದಲನ್ನು ಗುಡಿಸದೆ ಎತ್ತಿಟ್ಟಿದ್ದೆ.
ಮೇಣ ಸವರಿ, ಉಂಡೆ ಕಟ್ಟಿ, ಅಂಚು ಕತ್ತರಿಸಿದರೆ
ಮಂಡಕ್ಕಿ ಕಾಳೇ.
ನಾನೇ ಒಮ್ಮೆ ಬಾಯಿಗೆ ಹಾಕಿಕೊಳ್ಳುವವನಿದ್ದೆ.

ತಂಗೂಸಿ, ಕೂದಲಿಗಿಂತ ಒಂದೆಳೆ ದಪ್ಪ.
ಬೀಸಿದೆ. ಎರಡು ಸಲ ಗಾಳಿಗೆ, ಮೂರನೆಯದು ನೀರಿಗೆ.
ಕಾಳು ಕೂತಿತು, ತೇಲಿತು.
ನೆರಳೊಂದು ಹಿಂದಿನಿಂದ ಬಂತು, ನೋಡಿತು,
ಬೇಡವೆಂದು ಹೋಯಿತು.
ಮತ್ತೆ ಬಂತು.
ಬಿಸಿ ಚಹಾಕ್ಕೆ ತುಟಿ ಚಾಚುವವರ ಹಾಗೆ ಚಾಚಿ
ಹೀರಿತು.

ಎಳೆಯಬಾರದು.
ಗಂಟಲಿನ ಗಡ್ಡ ಹೆರೆಯುವಾಗ
ಕೈ ಹೇಗೆ ಉಸಿರು ಹಿಡಿಯುತ್ತದೋ ಹಾಗೆ ಹಿಡಿದೆ.
ಅದು ಓಡಲಿಲ್ಲ, ನಡೆಯಿತು,
ತುಂಗೆಯನ್ನೇ ಹೆಗಲಿಗೆ ಹಾಕಿಕೊಂಡವರ ಹಾಗೆ.
ವಾಟೆಯ ತುದಿ ನೀರಿಗೆ ಮೂಗು ಹಚ್ಚಿತು.
ನಾನು ಮೊಣಕಾಲಿನವರೆಗೆ, ಸೊಂಟದವರೆಗೆ,
ಬಟ್ಟೆ ಒಗೆಯುವ ಬಂಡೆ ದಾಟಿ,
ಎಮ್ಮೆ ಮೀಸುವವನಿಂದ ಬೈಸಿಕೊಂಡು
ಹಿಂದೆ ಹಿಂದೆ ಹೋದೆ.
ಒಂದು ಕೂದಲಿನ ಆಚೆ ತುದಿಗೆ ನಾಲ್ಕು ಕೇಜಿ ಹಟ,
ಈಚೆ ತುದಿಗೆ ನಾನು.

ಮೇಲೆ ಸೇತುವೆಯಲ್ಲಿ ಯಾರೋ ನಿಂತಿದ್ದರು.
ಕೈಯಲ್ಲಿ ಪೊಟ್ಟಣ.
"ತಿಮ್ಮಪ್ಪಾ, ಬಿಡೋ ಅದನ್ನ."

ಬಿಡುವುದೇ ಇತ್ತು.
ಚಿನ್ನದ ಹುರುಪೆ, ಎರಡೂ ಕೈ ತುಂಬ.
ಬಾಯಿಯ ಪಕ್ಕ ನಾಲ್ಕು ಮೀಸೆ,
ಇದುವರೆಗೆ ಯಾರ ಕತ್ತರಿಯೂ ತಾಗದವು.
ತುಟಿಯಿಂದ ಬಿಳಿ ಉಂಡೆ ಬಿಡಿಸಿ
ಅಂಗೈ ಬಿಚ್ಚಿದೆ. ಒಂದು ಗಳಿಗೆ ಅಲ್ಲೇ ಇತ್ತು.
ಆಮೇಲೆ ಅದೂ
ನಾನು ಮುಟ್ಟಿದ ಎಲ್ಲರ ಹಾಗೆ
ತಿರುಗಿ ನೋಡದೆ
ನೇರ ಸ್ನಾನಕ್ಕೆ ಹೋಯಿತು.

ಒದ್ದೆಯಾಗಿ ನಿಂತು ನಗುತ್ತಿದ್ದೆ.
ಮೇಲಿನಿಂದ ಮಂಡಕ್ಕಿ ಉದುರತೊಡಗಿತು,
ನಾಲ್ಕು ಕಾಳು ನನ್ನ ತಲೆಯ ಮೇಲೂ.